ಜಾರ್ಜಿಯಾ ದೇಶವನ್ನು ವಿಚಾರಿಸಿದ ಚಳಿಗಾಲ

ಮೊನ್ನೆ ಹೊಸೂರಿನ ಹತ್ತಿರ ತಳಿ ಎಂಬ ಊರಿನ ಕಡೆಯ ಗುಲಾಬಿ ತೋಟವೊಂದಕ್ಕೆ ಹೊಲಿದ ರವಿಕೆಗಳನ್ನು ಕೊಡಲು ಹೋಗಿದ್ದೆ. ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನ ಬಾಗಿಲ ಪರದೆ ಸರಿಸಿದ ಕೂಡಲೇ ಗಂಧಕದ ಘಾಟು ಮೂಗಿಗೆ ಹೊಡೆಯಿತು. ಎಲೆಗೆ ಬೂದಿ ರೋಗ ಹತ್ತದಿರಲಿ ಎಂದು ರಾತ್ರಿ ಹೊತ್ತು ಅಲ್ಲಿ ಗಂಧಕ ಕಾಯಿಸುತ್ತಾರೆ, ಅದರ ವಾಸನೆ ಮಧ್ಯಾಹ್ನದವರೆಗೂ ಹೋಗುವುದಿಲ್ಲ. ಅಂಗಡಿಗೆ ಹೋಗುವ ಆ ಉದ್ದ ಕಾಂಡದ ಗುಲಾಬಿಗಳಿಗೆ ಪರಿಮಳವೇ ಇಲ್ಲ. ಗುಲಾಬಿ ತೋಟ ಎಂದರೆ ಘಮಘಮ ಅನ್ನುತ್ತದೆ ಎಂದು ನಂಬುವವರು ಏನನ್ನು ಬೇಕಾದರೂ ನಂಬುತ್ತಾರೆ.

ಆ ಘಾಟಿಗೆ ನನಗೆ ನೆನಪಾಗುವುದು ಒಂದೇ ಚಳಿಗಾಲ. ನನ್ನ ತಂಗಿ ರತ್ನಳನ್ನು ಜಾರ್ಜಿಯಾ ಎಂಬ ದೇಶಕ್ಕೆ ಕಳಿಸುವ ಮಾತು ಬಂದು, ಹೆಣ್ಣು ಕೊಡುವ ಮೊದಲು ಗಂಡಿನ ಮನೆಯನ್ನು ವಿಚಾರಿಸುವಂತೆ ನಾನು ಆ ದೇಶವನ್ನು ವಿಚಾರಿಸಿದ ಚಳಿಗಾಲ.

ನಾನು ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ಆಲಸನತ್ತಂನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವವಳು. ಅನುಮಾನ ನನ್ನ ಹುಟ್ಟುಗುಣ. ಹಾಲನ್ನು ಮೂಸಿ ಕಾಯಿಸುತ್ತೇನೆ, ಕಾಯಿಸಿ ಮತ್ತೆ ಮೂಸುತ್ತೇನೆ. ಮನೆಗೆ ಬಂದ ನೆಂಟರು ಊಟ ಬೇಡ ಎಂದರೆ ಎಲ್ಲಿ ಉಂಡು ಬಂದರು ಎಂದು ಯೋಚಿಸುತ್ತೇನೆ. "ನೀನು ಪೊಲೀಸ್‌ಗೆ ಸೇರ್ಬೇಕಾಗಿತ್ತು ಕಣೇ, ಕಳ್ಳರು ಅವರೇ ಬಂದು ಒಪ್ಕೊಂಡ್ಬುಡೋರು" ಎಂದು ನಮ್ಮ ಮನೆಯವರು ರೇಗಿಸುತ್ತಾರೆ. ರೇಗಿಸಲಿ. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಟೋಪಿ ಹಾಕಿಸಿಕೊಂಡಿಲ್ಲ.

ರತ್ನಳನ್ನು ತಳಿಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಗಂಡ ಮುನಿರಾಜು ಹೊಸೂರಿನ ಫ್ಯಾಕ್ಟರಿಯೊಂದಕ್ಕೆ ಶಿಫ್ಟಿನ ಕೆಲಸಕ್ಕೆ ಹೋಗುತ್ತಾನೆ. ಅತ್ತೆ ಲಕ್ಷ್ಮಮ್ಮನವರು ಮನೆ ಪಕ್ಕದ ಹೊಲದ ರಾಗಿ, ಅವರೆ ನೋಡಿಕೊಳ್ಳುತ್ತಾರೆ. ಹೈಸ್ಕೂಲಿಗೆ ಹೋಗುವ ಮಗಳೊಬ್ಬಳು. ರತ್ನ ಮದುವೆಯಾದ ಎರಡನೇ ವರ್ಷದಿಂದ ಗುಲಾಬಿ ತೋಟದಲ್ಲಿದ್ದಾಳೆ. ಅವಳ ಕೆಲಸಕ್ಕೆ ಅಲ್ಲಿ ಬೆಂಡಿಂಗ್ ಅನ್ನುತ್ತಾರೆ. ಗಿಡದ ಬಡಕಲು ಕೊಂಬೆಗಳನ್ನು ಕತ್ತರಿಸಿ ಎಸೆಯದೆ, ಬುಡದ ಹತ್ತಿರ ಸ್ವಲ್ಪ ತಿರುಚಿ, ಮುರಿದು ಹೋಗದಂತೆ ಕೆಳಕ್ಕೆ ಬಾಗಿಸಿ ಬಿಡಬೇಕು. ಬಾಗಿದ ಕೊಂಬೆಯ ಎಲೆಗಳು ಗಿಡಕ್ಕೆ ಅನ್ನ ಹಾಕುತ್ತವೆ, ಬುಡದಿಂದ ದಪ್ಪನೆಯ ಹೊಸ ಕೊಂಬೆ ಏಳುತ್ತದೆ. ಫೆಬ್ರವರಿಯಲ್ಲಿ ಪ್ರೇಮಿಗಳ ದಿನಕ್ಕೆ ಹೂವು ಬೇಕಾದರೆ ಈ ಕೆಲಸವನ್ನೆಲ್ಲ ಚಳಿಗಾಲದಲ್ಲೇ ಮುಗಿಸಬೇಕು.

ಆ ಕಾರ್ತೀಕದಲ್ಲಿ ತೋಟಕ್ಕೆ ನೀನೋ ಎಂಬ ಹೆಂಗಸು ಬಂದಳು. ನಲವತ್ತು ದಾಟಿರಬಹುದು, ಗಿಡ್ಡ ಕೂದಲು, ಗಟ್ಟಿ ಮೈ. ಜಾರ್ಜಿಯಾದಲ್ಲಿ ಅವಳೂ ಹೊಸದಾಗಿ ಗುಲಾಬಿಯ ಪಾಲಿಹೌಸ್ ಕಟ್ಟಿದ್ದಳು, ತೋಟದ ಮಾಲೀಕರಿಗೆ ಯಾವುದೋ ಹೂವಿನ ಮೇಳದಲ್ಲಿ ಪರಿಚಯವಾದವಳು. ಎರಡು ವಾರ ಇದ್ದು ಎಲ್ಲವನ್ನೂ ನೋಡಿದಳು. ರತ್ನಳ ಪಕ್ಕದಲ್ಲೇ ಹೆಚ್ಚು ನಿಂತಳು. ಕೊನೆಗೆ ಮಾಲೀಕರನ್ನು ಕೇಳಿದಳು, ವಸಂತದಲ್ಲಿ ಮೂರು ತಿಂಗಳು ಈ ಹೆಂಗಸನ್ನು ನನ್ನ ಜೊತೆ ಕಳಿಸಿ, ನನ್ನ ಕೆಲಸದವರಿಗೆ ಕೈಹಿಡಿದು ಕಲಿಸಲಿ ಎಂದು.

ರತ್ನ ಇದನ್ನು ನನಗೆ ಫೋನಿನಲ್ಲಿ ಹೇಳಿದಾಗ ನಾನು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದೆ, "ಯಾಕೆ, ಆ ದೇಶದ ಹೆಂಗಸರಿಗೆ ಕೈ ಇಲ್ವಂತಾ?"

"ಅವ್ರು ಬಾಗ್ಸಕ್ ಹೋಗಿ ಮುರಿದಾಕ್ತಾರಂತೆ ಅಕ್ಕಾ."

"ಅಷ್ಟಕ್ಕೆ ವಿಮಾನ ಹತ್ತಿಸ್ಕೊಂಡ್ ಹೋಗ್ತಾಳಾ? ಸುಮ್ನಿರು. ನಾನು ವಿಚಾರಿಸ್ತೀನಿ."

ಅಂದಿನಿಂದ ವಿಚಾರಣೆ ಶುರುವಾಯಿತು. ನಾನು ಏಳನೇ ತರಗತಿವರೆಗೆ ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ ಓದಿದವಳು. ಇಂಗ್ಲಿಷ್ ಎಂದರೆ ಅಂಗಡಿ ಬೋರ್ಡು ಓದುವಷ್ಟು. ಬೇರೆ ಬೇರೆ ದೇಶಗಳ ಸರ್ಕಾರದವರು ತಮ್ಮ ಜನರಿಗೆ ಎಚ್ಚರಿಕೆ ಹೇಳುವ ಪುಟಗಳು ಫೋನಿನಲ್ಲಿ ಸಿಗುತ್ತವೆ. ಅವನ್ನು ಫೋನಿನಿಂದಲೇ ಕನ್ನಡ ಮಾಡಿಸಿ, ಅರ್ಥವಾಗದ್ದನ್ನು ನಮ್ಮ ಮನೆಯವರಿಂದ ಓದಿಸಿ ಕೇಳುತ್ತಿದ್ದೆ. ಅವರಿಗೆ ಟೀವಿ ನೋಡಲು ಬಿಡುತ್ತಿರಲಿಲ್ಲ.

ಆ ದೇಶದ ಮನೆತನ ಹೀಗಿತ್ತು. ಜಾರ್ಜಿಯಾ ಮೊದಲು ಸೋವಿಯತ್ ಒಕ್ಕೂಟವೆಂಬ ದೊಡ್ಡ ಕೂಡು ಕುಟುಂಬದಲ್ಲಿತ್ತು. ಪಾಲಾಗಿ ಮೂವತ್ತು ವರ್ಷದ ಮೇಲಾಯಿತು. ಪಾಲಾದ ಮನೆಗಳಲ್ಲಿ ಇರುವಂತೆ ಬದುವಿನ ತಕರಾರು ಇನ್ನೂ ಮುಗಿದಿಲ್ಲ. ಅಬ್ಖಾಜಿಯಾ, ದಕ್ಷಿಣ ಒಸ್ಸೆಟಿಯಾ ಎಂಬ ಎರಡು ಕಡೆ ಕಾಲಿಡಲೇಬೇಡಿ, ಅಲ್ಲಿ ಏನಾದರೂ ಆದರೆ ನಾವು ಬಂದು ಬಿಡಿಸಲಾರೆವು ಎಂದು ಎಲ್ಲ ಸರ್ಕಾರದವರೂ ಬರೆದಿದ್ದರು. ಒಂದು ಪಕ್ಕ ಕಪ್ಪು ಸಮುದ್ರ, ಮೇಲುಗಡೆ ಹಿಮದ ಬೆಟ್ಟ, ಆ ಬೆಟ್ಟದಾಚೆ ರಷ್ಯಾ. ಭೂಕಂಪ ಆಗುವ ಜಾಗ. ಹಿಮ ಕುಸಿದರೆ ಬೆಟ್ಟದ ರಸ್ತೆ ಮುಚ್ಚುತ್ತದೆ. ರಾಜಧಾನಿಯಲ್ಲಿ ಜನ ಗುಂಪು ಸೇರಿ ಘೋಷಣೆ ಕೂಗುವ ಕಡೆ ಹೋಗಬಾರದು. ಗಾಡಿ ಓಡಿಸುವವರು ಬಲು ಅವಸರದವರು, ರಸ್ತೆ ದಾಟುವಾಗ ಜೋಪಾನ. ಹೊಸೂರು ಬಸ್ ಸ್ಟ್ಯಾಂಡಿನ ಮುಂದೆ ರಸ್ತೆ ದಾಟಿ ಬದುಕಿದವಳಿಗೆ ಅದೇನೂ ದೊಡ್ಡದಲ್ಲ ಎಂದು ಅದೊಂದನ್ನು ಬಿಟ್ಟೆ.

ಬೀದಿನಾಯಿಗಳ ಕಿವಿಗೆ ಬಿಲ್ಲೆ ಹಾಕಿರುತ್ತಾರಂತೆ, ಸೂಜಿ ಚುಚ್ಚಿಸಿದ್ದಕ್ಕೆ ಗುರುತು. ಮನೆಗೆ ಬಂದವರಿಗೆ ದ್ರಾಕ್ಷಿಯ ಹೆಂಡ ಕುಡಿಸದೆ ಬಿಡುವುದಿಲ್ಲವಂತೆ, ಕುಡಿಯುವ ಮುಂಚೆ ಉದ್ದುದ್ದ ಭಾಷಣ ಮಾಡುತ್ತಾರಂತೆ. ಗುರುತಿಲ್ಲದವರು ಕರೆದ ಹೋಟೆಲಿಗೆ ಹೋಗಿ ಕೂತರೆ ಬಿಲ್ಲು ನೋಡಿ ಎದೆ ಒಡೆಯುತ್ತದಂತೆ. ನಲ್ಲಿ ನೀರನ್ನು ಹಾಗೇ ಕುಡಿಯಬಹುದು ಎಂದು ಬರೆದಿತ್ತು. ಅದನ್ನು ಓದಿದ ಮೇಲೆ ನನಗೆ ಆ ಪುಟದ ಮೇಲೆಯೇ ಅನುಮಾನ ಬಂತು. ಎಲ್ಲಕ್ಕಿಂತ ಮೇಲೆ, ಪ್ರವಾಸದ ವೀಸಾದಲ್ಲಿ ಹೋಗಿ ಕೆಲಸ ಮಾಡಬೇಡಿ, ಪಾಸ್‌ಪೋರ್ಟನ್ನು ಕೆಲಸ ಕೊಟ್ಟವರೂ ಸೇರಿ ಯಾರ ಕೈಗೂ ಕೊಡಬೇಡಿ ಎಂದು ಒತ್ತಿ ಒತ್ತಿ ಹೇಳಿದ್ದರು.

ದಿನಾ ಮಧ್ಯಾಹ್ನ ರತ್ನ ಊಟಕ್ಕೆ ಕೂತಾಗ ನಾನು ಫೋನ್ ಮಾಡುತ್ತಿದ್ದೆ.

"ಕೇಳಿಸ್ಕೊ. ಟ್ಯಾಕ್ಸಿ ಹತ್ತೋ ಮುಂಚೆ ನಂಬರ್ ಫೋಟೋ ತಗೊ. ಯಾರಾದ್ರೂ ಲೋಟ ಕೈಗೆ ಕೊಟ್ರೆ ಅವ್ರು ಮೊದ್ಲು ಕುಡಿಯೋವರ್ಗೂ ಕುಡೀಬ್ಯಾಡ."

"ಹೂಂ ಅಕ್ಕಾ."

"ಪಾಸ್‌ಪೋರ್ಟು ಒಳಗಿನ ಚೀಲ್ದಾಗೆ. ಕೇಳಿದ್ರೆ ಜೆರಾಕ್ಸ್ ತೋರ್ಸು. ಜಗ್ಗಬ್ಯಾಡ."

"ಹೂಂ."

"ಭೂಮಿ ನಡುಗಿದ್ರೆ ಮೇಜಿನ ಕೆಳಗೆ ಕೂತ್ಕೊ."

"ಹೂಂ ಅಕ್ಕಾ. ಇಡ್ಲಾ? ಗಂಟೆ ಹೊಡೀತು."

ನೀನೋಳನ್ನು ಕಣ್ಣಾರೆ ನೋಡದೆ ಒಪ್ಪುವುದು ಹೇಗೆ ಎಂದು ಅವಳು ಹೊರಡುವ ಮುನ್ನ ಒಂದು ಬೆಳಿಗ್ಗೆ ತಳಿ ಬಸ್ಸು ಹತ್ತಿದೆ. ಕಜ್ಜಾಯ ಮಾಡಿಕೊಂಡು ಹೋಗಿದ್ದೆ, ಬರಿಗೈಯಲ್ಲಿ ಹೋಗಿ ಜನರನ್ನು ಅಳೆಯಲಾಗುವುದಿಲ್ಲ. ತೋಟದ ಸೂಪರ್‌ವೈಸರ್ ಸೆಲ್ವಂ ಅವಳ ಇಂಗ್ಲಿಷನ್ನು ನನಗೆ ತಮಿಳಿನಲ್ಲಿ ಹೇಳುತ್ತಿದ್ದ. ನೀನೋ ಕಜ್ಜಾಯವನ್ನು ಕೈಗೆ ತೆಗೆದುಕೊಂಡು ಮೂಸಿದಳು. ಹಿಂದೆ ಮುಂದೆ ತಿರುಗಿಸಿದಳು. ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿದಳು. ಕೇಳಿ, ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು, ತಿನ್ನಲಿಲ್ಲ. ಸೆಲ್ವಂ ಕೊಟ್ಟ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಾಗ ಕಿವಿ ಹತ್ತಿರ ಹಿಡಿದು, ಸೀಲು ಒಡೆಯುವ ಸದ್ದು ಬಂತೇ ಎಂದು ಕೇಳಿಸಿಕೊಂಡಳು. ಅಂಗಿಯೊಳಗೆ ಕುತ್ತಿಗೆಯಿಂದ ಒಂದು ಚೀಲ ಇಳಿಬಿದ್ದಿತ್ತು, ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮೊದಲು ನನಗೆ ಮೈ ಉರಿಯಿತು. ನಮ್ಮ ಮನೆಯ ಕಜ್ಜಾಯದ ಮೇಲೆ ಅನುಮಾನವೇ? ಸೆಲ್ವಂ ಕೈಯಲ್ಲಿ ಕೇಳಿಸಿದೆ. ಅವಳು ನಾಚಿಕೆಯಿಲ್ಲದೆ ಹೇಳಿದಳು, "ನಿಮ್ಮ ದೇಶಕ್ಕೆ ಹೋಗಬೇಡ ಅಂತ ನನ್ನ ಅಮ್ಮ ಒಂದು ತಿಂಗಳು ಅತ್ತಳು. ನೀರು ಕುಡಿಯಬೇಡ, ಹೊರಗಿನದು ತಿನ್ನಬೇಡ, ನಾಯಿ ಮುಟ್ಟಬೇಡ, ಒಂಟಿಯಾಗಿ ಗಾಡಿ ಹತ್ತಬೇಡ, ಸುಲಭವಾಗಿ ನಗಬೇಡ. ನಮ್ಮ ಸರ್ಕಾರದವರು ನಿಮ್ಮ ಬಗ್ಗೆ ಬರೆದದ್ದನ್ನೆಲ್ಲ ಓದಿ ಹೇಳಿ ಕಳಿಸಿದ್ದಾಳೆ."

ನಾನು ಕಾಣದ ಆ ತಾಯಿಯ ಮೇಲೆ ನನಗೆ ಗೌರವ ಹುಟ್ಟಿತು. ಮಗಳ ಮೇಲೂ ಸ್ವಲ್ಪ. ಆದರೂ ನನ್ನ ಪ್ರಶ್ನೆಗಳನ್ನು ಬಿಡಲಿಲ್ಲ. ರತ್ನ ಎಲ್ಲಿ ಮಲಗುತ್ತಾಳೆ, ಕೋಣೆಗೆ ಒಳಗಿನಿಂದ ಚಿಲಕ ಇದೆಯೇ, ಮನೆಯಲ್ಲಿ ಗಂಡಸರು ಯಾರಿದ್ದಾರೆ, ಹುಷಾರು ತಪ್ಪಿದರೆ ಯಾರು ನೋಡುತ್ತಾರೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು, ಚಿಲಕದ ಫೋಟೋ ಕಳಿಸುತ್ತೇನೆ ಎಂದಳು. ಕಳಿಸಿದಳು ಕೂಡ. ಹಿತ್ತಾಳೆಯ ಚಿಲಕ, ಗಟ್ಟಿಯಾಗಿತ್ತು.

ನಾನು ಹೊರಟಾಗ ರತ್ನ ಒಂದು ಗಿಡದ ಲೇಬಲ್ ತೋರಿಸಿದಳು. ಅದರ ಮೇಲೆ ರತ್ನಳ ಹೆಸರನ್ನು ನೀನೋ ತನ್ನ ಲಿಪಿಯಲ್ಲಿ ಬರೆದುಕೊಟ್ಟಿದ್ದಳು. ಅಕ್ಷರಗಳು ನಮ್ಮವುಗಳ ಹಾಗೇ ಗುಂಡಗೆ, ಕೊಕ್ಕೆ ಕೊಕ್ಕೆಯಾಗಿದ್ದವು. "ನೋಡಕ್ಕಾ, ನಮ್ಮೋರ್ ಬರೆದಂಗೈತೆ" ಎಂದಳು. ನೋಡಲು ಮಾತ್ರ ಹಾಗೆ, ಓದಲಾಗುವುದಿಲ್ಲವಲ್ಲ ಎಂದೆ ನಾನು.

ಆಗ ನನ್ನ ನಿಜವಾದ ಅನುಮಾನ ಇದ್ದದ್ದು ಲಕ್ಷ್ಮಮ್ಮನವರ ಮೇಲೆ. ಸೊಸೆ ಮೂರು ತಿಂಗಳು ಮನೆಯಲ್ಲಿ ಇಲ್ಲವೆಂದರೆ ಅಡುಗೆ, ದನ, ಮೊಮ್ಮಗಳು ಎಲ್ಲ ಅವರ ತಲೆಗೆ. ಬೇರೆ ಅತ್ತೆಯಾಗಿದ್ದರೆ ರಂಪ ಮಾಡುತ್ತಿದ್ದರು. ಇವರು ಒಂದು ಮಾತೂ ಆಡಲಿಲ್ಲ. ರಂಪ ಮಾಡುವ ಅತ್ತೆಯನ್ನು ನಂಬಬಹುದು, ಸುಮ್ಮನಿರುವ ಅತ್ತೆಯನ್ನು ನಂಬುವುದು ಕಷ್ಟ.

ಅವರೆಕಾಯಿ ಕಾಲ ಬಂತು. ಬೆಳಿಗ್ಗೆ ಮಂಜು ಬಿದ್ದು ತಳಿ ರಸ್ತೆಯಲ್ಲಿ ಬಸ್ಸುಗಳು ದೀಪ ಹಾಕಿಕೊಂಡು ಬರುತ್ತಿದ್ದವು. ಪಾಲಿಹೌಸಿನ ಪ್ಲಾಸ್ಟಿಕ್ ಚಾವಣಿಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ರತ್ನಳ ಬೆರಳೆಲ್ಲ ಮುಳ್ಳು ಗೀರಿ ಒಡೆದಿದ್ದವು. ಸಂಕ್ರಾಂತಿಯ ಹೊತ್ತಿಗೆ, ತೋಟದವರು ಅರ್ಜಿ ಹಾಕಿಸಿದ್ದ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಯಾರ ಕೈಗೂ ಕೊಡಬೇಡ ಎಂದು ಅವತ್ತೇ ಫೋನ್ ಮಾಡಿ ಹೇಳಿದೆ. ಹೂಂ ಎಂದಳು.

ಹಬ್ಬ ಕಳೆದು ವೀಸಾ ಮಾಡಿಸುವ ಏಜೆಂಟರ ಹತ್ತಿರ ಹೋದೆವು. ಆತ ಪಾಸ್‌ಪೋರ್ಟನ್ನು ಬಿಡಿಸಿದವನು ಮೇಜಿನ ಮೇಲೆ ಹಾಗೇ ಇಟ್ಟು ನಮ್ಮ ಮುಖ ನೋಡಿದ. ಫೋಟೋದ ಹಣೆಯಲ್ಲಿ ದೊಡ್ಡದೊಂದು ಕುಂಕುಮ. ಎಣ್ಣೆಯಲ್ಲಿ ಕಲಸಿದ್ದು, ಮೂಗಿನ ಮೇಲಿಂದ ಇಳಿದು ಕೆಳಗಿನ ಅಕ್ಷರಗಳ ಸಾಲಿನವರೆಗೂ ಹರಿದಿತ್ತು. ಅದನ್ನು ಒದ್ದೆ ಬಟ್ಟೆಯಿಂದ ತಿಕ್ಕಿದ ಗುರುತಿತ್ತು. ಮೇಲಿನ ತೆಳು ಹಾಳೆ ಸುಕ್ಕಾಗಿ ಎದ್ದು, ಕುಂಕುಮ ಅದರೊಳಗೆ ಸೇರಿಕೊಂಡಿತ್ತು. ಇದು ನಡೆಯುವುದಿಲ್ಲ, ಕೆಟ್ಟ ಪಾಸ್‌ಪೋರ್ಟ್ ಎಂದು ಬರೆದುಕೊಟ್ಟು ಹೊಸದು ಮಾಡಿಸಿ ಎಂದ. ಸೆಲ್ವಂಗೆ ಫೋನ್ ಮಾಡಿದರೆ ಅವನು ನೀನೋಳನ್ನು ಕೇಳಿ ಹೇಳಿದ, ಗಿಡ ಚಿಗುರುವವರೆಗೆ ಕಾಯುತ್ತಾಳೆ, ಆಮೇಲೆ ಬೇರೆ ಕಡೆಯಿಂದ ಯಾರನ್ನಾದರೂ ಕರೆಸಿಕೊಳ್ಳುತ್ತಾಳೆ ಎಂದು.

ಅಲ್ಲಿಂದ ನೇರವಾಗಿ ರತ್ನಳ ಮನೆಗೆ ಹೋದೆ. ಲಕ್ಷ್ಮಮ್ಮನವರು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ರತ್ನ ಏನೂ ಆಗದವಳಂತೆ ಅವರ ಪಕ್ಕದಲ್ಲಿ ಕೂತು ತಾನೂ ಬಿಡಿಸತೊಡಗಿದಳು. ನಾನು ಪಾಸ್‌ಪೋರ್ಟ್ ಬಿಡಿಸಿ ಹಿಡಿದೆ.

"ಅಮ್ಮಾ, ಏನಿದು?"

"ಕುಂಕುಮ ಕಣವ್ವ."

"ಅದು ಕಾಣ್ತದೆ. ಯಾಕ್ ಹಚ್ಚಿದ್ರಿ?"

"ಮನೇಗೆ ಹೊಸಾದು ಬಂದ್ರೆ ಹಚ್ಚಲ್ವಾ? ಗಾಡಿ ತಂದಾಗ ಹಚ್ಚಿದ್ವಿ, ಮಿಕ್ಸಿ ತಂದಾಗ ಹಚ್ಚಿದ್ವಿ. ದೇವ್ರ ಮುಂದೆ ಇಟ್ಟು ಬಿಡಿಸಿ ನೋಡುದ್ರೆ ಇವ್ಳು ಬರೀ ಹಣೇಲವ್ಳೆ. ಗಂಡ ಗುಂಡುಕಲ್ಲಂಗವ್ನೆ. ಬರೀ ಹಣೇಲಿ ಅಷ್ಟು ದೂರ ಕಳ್ಸಕ್ಕಾಯ್ತದಾ?"

ಫೋಟೋ ತೆಗೆಸಿದ ದಿನ ಬಸ್ಸಿನ ನೂಕಾಟದಲ್ಲಿ ರತ್ನಳ ಹಣೆಯ ಸ್ಟಿಕ್ಕರ್ ಎಲ್ಲೋ ಬಿದ್ದುಹೋಗಿದ್ದು ನಿಜ. ಆದರೆ ನಾನು ಬಿಡಲಿಲ್ಲ.

"ಹೊಲದ ಪತ್ರಕ್ಕೆ ಹಚ್ಚಿದ್ದೀರಾ? ಅದನ್ನ ಕವರಿಗೆ ಹಾಕಿ ಟ್ರಂಕಿನಾಗೆ ಇಟ್ಟಿದ್ದೀರಿ."

"ಹೊಲ ಎಲ್ಲಿಗೂ ಹೋಗಲ್ವಲ್ಲವ್ವ" ಎಂದರು ಲಕ್ಷ್ಮಮ್ಮ.

ಆ ಉತ್ತರ ಕೇಳಿ ನನ್ನ ಅನುಮಾನ ಗಟ್ಟಿಯಾಯಿತು. ಇಷ್ಟು ಚುರುಕಾಗಿ ಮಾತಾಡುವ ಹೆಂಗಸಿಗೆ ಎಣ್ಣೆ ಕಾಗದಕ್ಕೆ ಏನು ಮಾಡುತ್ತದೆ ಎಂದು ಗೊತ್ತಿಲ್ಲವೇ? ಶಿಫ್ಟ್ ಮುಗಿಸಿ ಬಂದ ಮುನಿರಾಜು, "ಹೋಗ್ಲಿ ಬುಡಕ್ಕಾ, ದ್ಯಾವ್ರಿಗೇ ಇಷ್ಟ ಇಲ್ಲ ಅಂತ ಕಾಣ್ತದೆ" ಎಂದ. ತಾಯಿಯೂ ಮಗನೂ ಸೇರಿಯೇ ಮಾಡಿದ್ದಾರೆ ಎಂದುಕೊಂಡೆ. ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಸಿಟ್ಟಿಗೆ ಬಂದ ಅಳು. ತವರಿನಲ್ಲಿ ಯಾರಿಗೂ ಸಿಗದ ಒಂದು ದಾರಿ ನನ್ನ ತಂಗಿಗೆ ತೆರೆದಿತ್ತು, ಅದನ್ನು ಒಂದು ಚಿಟಿಕೆ ಕುಂಕುಮದಲ್ಲಿ ಮುಚ್ಚಿಬಿಟ್ಟರು ಎಂದು. ಅವಳು ಹೋಗಬಾರದೆಂದು ಕಾರ್ತೀಕದಿಂದ ಕಾರಣ ಹುಡುಕುತ್ತಿದ್ದ ನಾನೇ, ಈಗ ಅವಳು ಹೋಗಲೇಬೇಕು ಎಂದು ಹಟ ಹಿಡಿದೆ.

ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದೆ. ಕರೆ ಬಂದ ದಿನ ತೋಟದಲ್ಲಿ ಕೊಯ್ಲಿನ ಅಬ್ಬರ. ರಜೆ ಸಿಗುವುದೇ ಕಷ್ಟವಾಗಿತ್ತು. ನಾನು ರತ್ನಳಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದರೆ ಅವಳ ಹಿಂದೆ ಲಕ್ಷ್ಮಮ್ಮನವರೂ ಇಳಿದರು, ರೇಷ್ಮೆ ಸೀರೆ ಉಟ್ಟುಕೊಂಡು.

"ನೀವ್ಯಾಕೆ ಬಂದ್ರಿ?" ಎಂದು ಮುಖಕ್ಕೆ ಹೊಡೆದಂತೆ ಕೇಳಿದೆ.

"ಹಚ್ಚಿದೋಳು ನಾನು. ಕೇಳುದ್ರೆ ನಾನೇ ಹೇಳ್ಬೇಕಲ್ವಾ?"

ಅಲ್ಲಿಯೂ ಏನೋ ಕೆಡಿಸಲೆಂದೇ ಹೊರಟಿದ್ದಾರೆ ಎಂದು ದಾರಿಯುದ್ದಕ್ಕೂ ಅವರ ಪಕ್ಕದಲ್ಲಿ ಕೂತು ಕಾವಲು ಕಾದೆ. ಪಾಸ್‌ಪೋರ್ಟ್ ಆಫೀಸಿನಲ್ಲಿ ಅರ್ಜಿದಾರರನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ ಎಂದರು. ಲಕ್ಷ್ಮಮ್ಮ ತಮಿಳಿನಲ್ಲಿ, ತಪ್ಪು ಮಾಡಿದವಳನ್ನು ಹೊರಗೆ ನಿಲ್ಲಿಸಿ ಯಾರನ್ನು ವಿಚಾರಿಸುತ್ತೀರಪ್ಪ ಎಂದರು. ವಯಸ್ಸಾದವರು ಎಂದು ಒಳಗೆ ಬಿಟ್ಟರು. ಅವರನ್ನು ಹಿಡಿದುಕೊಳ್ಳುವ ನೆಪದಲ್ಲಿ ನಾನೂ ನುಗ್ಗಿದೆ.

ಮೇಜಿನ ಹಿಂದೆ ಕೂತಿದ್ದ ಅಧಿಕಾರಿಗೆ ನೆಗಡಿಯಾಗಿತ್ತು. ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಪಾಸ್‌ಪೋರ್ಟ್ ಬಿಡಿಸಿ ನೋಡಿ, ಇದನ್ನು ಮಾಡಿದ್ದು ಯಾರು ಎಂದು ತಮಿಳಿನಲ್ಲಿ ಕೇಳಿದ.

"ನಾನೇ ಸಾಮಿ" ಎಂದರು ಲಕ್ಷ್ಮಮ್ಮ. "ನಂಗೆ ಗೊತ್ತಾಗ್ಲಿಲ್ಲ. ಒಳ್ಳೇದಾಗ್ಲಿ ಅಂತ ಹಚ್ಚಿದ್ದು. ಅವ್ಳದೇನೂ ತಪ್ಪಿಲ್ಲ."

ಆತ ಬರೆದುಕೊಳ್ಳಲು ಶುರು ಮಾಡಿದ. ಅಷ್ಟರಲ್ಲಿ ರತ್ನ ಮುಂದೆ ಬಂದು ನಿಂತಳು.

"ಇಲ್ಲ ಸಾರ್. ಅತ್ತೆಗೆ ಗೊತ್ತಿರ್ಲಿಲ್ಲ, ನಂಗೆ ಗೊತ್ತಿತ್ತು. ಹಚ್ಚೋವಾಗ ನಾನು ಪಕ್ಕದಾಗೇ ನಿಂತಿದ್ದೆ. ಇದು ಹಾಳಾಯ್ತದೆ ಅಂತ ತಿಳಿದೂ ಬ್ಯಾಡ ಅನ್ನಲಿಲ್ಲ. ಒದ್ದೆ ಬಟ್ಟೇಲಿ ಒರೆಸಿದ್ದು ನಾನೇ."

ಇದನ್ನೆಲ್ಲ ಅವಳು ಹೇಳಿದ್ದು ತಮಿಳಿನಲ್ಲಿ. ಆಮೇಲೆ ನನ್ನ ಕಡೆ ತಿರುಗಿ, ಮನೆಯಲ್ಲಿ ಮಾತಾಡುವ ಹಾಗೆ ಹೇಳಿದಳು. "ದಿನಾ ಒಂದೊಂದು ಭಯ ಹೇಳ್ತಿದ್ದೆ ಅಕ್ಕಾ ನೀನು. ನಡುಗೋ ಭೂಮಿ, ಬೀಳೋ ಬೆಟ್ಟ, ಲೋಟ, ಟ್ಯಾಕ್ಸಿ. ಹೋಗಲ್ಲ ಅಂದ್ರೆ ಮಾಲೀಕ್ರಿಗೆ ಏನ್ ಹೇಳ್ಲಿ? ಹೋಯ್ತೀನಿ ಅಂದ್ರೆ ನಿಂಗೇನ್ ಹೇಳ್ಲಿ? ಅತ್ತೆ ಕುಂಕುಮದ ಬಟ್ಲು ತಂದ್ರು. ಅದೇ ಸರಿ ಅಂತ ಸುಮ್ಕಿದ್ದೆ."

ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ತಿಂಗಳು ಹೂಂ ಹೂಂ ಎಂದಳಲ್ಲ ಎಂದು. ಹಾಲು ನೀರಿನಿಂದ ಹಿಡಿದು ಒಂದು ದೇಶದವರೆಗೆ ಎಲ್ಲದರ ಮೇಲೂ ಅನುಮಾನಪಟ್ಟಿದ್ದೆ, ಅವಳ ಹೂಂ ಮೇಲೆ ಮಾತ್ರ ಪಟ್ಟಿರಲಿಲ್ಲ. ಲಕ್ಷ್ಮಮ್ಮನವರ ಮುಖ ನೋಡಲು ನನಗೆ ಆಗಲಿಲ್ಲ. ಅವರು ನನ್ನನ್ನು ನೋಡುತ್ತಲೂ ಇರಲಿಲ್ಲ, ಸೊಸೆಯ ಭುಜದ ಮೇಲೆ ಕೈ ಇಟ್ಟು ನಿಂತಿದ್ದರು.

ಹಿಂದೆ ಸರತಿ ಬೆಳೆದಿತ್ತು. ನಮ್ಮ ಮನೆಯ ಪಂಚಾಯಿತಿ ಕೇಳಿ ಅಧಿಕಾರಿಗೆ ಸಾಕಾಗಿತ್ತು. ಪೆನ್ನನ್ನು ಮೇಜಿನ ಮೇಲೆ ಇಟ್ಟು, ರತ್ನಳನ್ನೇ ನೋಡುತ್ತಾ ಕೇಳಿದ, "ಅದೆಲ್ಲ ಇರಲಮ್ಮಾ. ಉನಕ್ಕು ಪಾಸ್‌ಪೋರ್ಟ್ ವೇಣುಮಾ, ವೇಂಡಾಮಾ?"

ನಿನಗೆ ಬೇಕಾ, ಬೇಡವಾ. ಮಾಲೀಕರು ಕಳಿಸುತ್ತೇನೆ ಎಂದಿದ್ದರು. ನೀನೋ ಬಾ ಎಂದಿದ್ದಳು. ಮುನಿರಾಜು ನೋಡೋಣ ಎಂದಿದ್ದ. ನಾನು ಹುಷಾರು ಎಂದಿದ್ದೆ. ಇಡೀ ಚಳಿಗಾಲದಲ್ಲಿ ಅವಳನ್ನು ಹೀಗೆ ಕೇಳಿದ್ದು ಆ ನೆಗಡಿಯ ಮನುಷ್ಯ ಒಬ್ಬನೇ, ಅದೂ ಬೇಸರಕ್ಕೆ.

ರತ್ನ ಗೀರು ಬಿದ್ದ ಬೆರಳುಗಳನ್ನು ಮೇಜಿನ ಅಂಚಿನ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ಹಿಂದಿನವರು ಗೊಣಗಿದರು. ನನ್ನ ಬಾಯಿಗೆ ಮಾತು ಬಂತು, ಲಕ್ಷ್ಮಮ್ಮನವರು ನನ್ನ ಕೈ ಹಿಡಿದು ಅದುಮಿದರು.

"ಬೇಕು" ಎಂದಳು ರತ್ನ, ಕನ್ನಡದಲ್ಲೇ. ಆತನಿಗೆ ಅರ್ಥವಾಯಿತು, ಬರೆದುಕೊಂಡ.

ಗಿಡ ಚಿಗುರುವ ಹೊತ್ತಿಗೆ ಹೋಗಲಾಗಲಿಲ್ಲ. ನೀನೋ ಸಿಡಿಮಿಡಿಗೊಂಡರೂ ಬೇರೆ ಯಾರನ್ನೂ ಕರೆಸದೆ ಕಾದಳು. ಯುಗಾದಿ ಕಳೆದು ಹೊಸ ಪಾಸ್‌ಪೋರ್ಟ್, ವೀಸಾ ಕೈಗೆ ಬಂದ ಮೇಲೆ ನಾವೆಲ್ಲ ಒಂದು ವ್ಯಾನು ಮಾಡಿಕೊಂಡು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋದೆವು. ಟಿಕೆಟ್ ಇಲ್ಲದವರು ನಿಲ್ಲಬೇಕಾದ ಬಾಗಿಲ ಹತ್ತಿರ ಮುನಿರಾಜು ಚೀಲ ಇಳಿಸಿಕೊಟ್ಟ, ಮಗಳು ಅಮ್ಮನಿಗೆ ಅಂಟಿಕೊಂಡು ಅತ್ತಳು, ಲಕ್ಷ್ಮಮ್ಮ ತಲೆ ನೇವರಿಸಿದರು. ಕೊನೆಗೆ ನಾನು ಹತ್ತಿರ ಹೋದೆ. ನನ್ನ ಬಾಯಿಯಲ್ಲಿ ಇನ್ನೂ ಹೇಳದ ಎಚ್ಚರಿಕೆಗಳು ಬೇಕಾದಷ್ಟಿದ್ದವು. ಎಲ್ಲವನ್ನೂ ನುಂಗಿಕೊಂಡು ಕೇಳಿದೆ.

"ಹೆದರಿಕೆ ಆಯ್ತದಾ?"

ಅವಳು ಈ ಸಲ ಹೂಂ ಅನ್ನಲಿಲ್ಲ.

"ಆಯ್ತದೆ ಅಕ್ಕಾ. ಭಾಳ ಆಯ್ತದೆ. ಹೋಗ್ಬತ್ತೀನಿ" ಎಂದು ಹೇಳಿ, ಚೀಲ ಎಳೆದುಕೊಂಡು ಒಳಗೆ ಹೋದಳು.